ಔಷಧಿಯೆಂದು ಕುಡಿದ ಮಣ್ಣು

ನಮ್ಮೂರಿನಲ್ಲಿ ಹೊಲಕ್ಕೆ ಏನು ಹಾಕಿದರೂ ಬಾಯಿಬಿಟ್ಟು ಹೇಳಿ ಹಾಕಬೇಕು. ಬೀಜವಾದರೆ ಬೀಜ ಎನ್ನಬೇಕು, ಗೊಬ್ಬರವಾದರೆ ಗೊಬ್ಬರ ಎನ್ನಬೇಕು. ಹೇಳಿದ್ದನ್ನು ಮಣ್ಣು ನಂಬುತ್ತದೆ. ಒಳ್ಳೆಯದು ಎಂದದ್ದನ್ನು ಒಳಗೆ ಇಟ್ಟುಕೊಳ್ಳುತ್ತದೆ. ಬೇಡದ್ದು ಎಂದದ್ದನ್ನು ಬೆಳಗಾಗುವುದರೊಳಗೆ ಮೇಲೆ ತಂದು ಹಾಕುತ್ತದೆ. ಹೀಗಾಗಿ ನಮ್ಮಲ್ಲಿ ಕಲ್ಲು ಅಗೆದು ತೆಗೆಯುವ ಕೆಲಸವಿಲ್ಲ. ಸಂಜೆ ಬದುವಿನ ಮೇಲೆ ನಿಂತು ಕಲ್ಲು, ಕಸ ಬೇಡ ಎಂದು ಹೇಳಿ ಬಂದು, ಮರುದಿನ ಬುಟ್ಟಿ ಹಿಡಿದು ಹೋದರಾಯಿತು. ಕಲ್ಲಿನ ಜೊತೆಗೆ ಬಳೆಚೂರು, ನೇಗಿಲಿನ ಮುರಿದ ಕುಡ, ಯಾವ ಕಾಲದ್ದೋ ಕುದುರೆಯ ಲಾಳ, ಎಲ್ಲ ಇಬ್ಬನಿಯಲ್ಲಿ ತೊಯ್ದು ಮೇಲೆ ಬಿದ್ದಿರುತ್ತವೆ.

ಹೊಲ ಎಲ್ಲರ ಮಾತನ್ನೂ ಕೇಳುವುದಿಲ್ಲ. ಪ್ರತಿ ಹೊಲಕ್ಕೂ ಒಂದು ಬಾಯಿ ಎಂದಿರುತ್ತದೆ. ಹೆಚ್ಚಿನ ಮನೆಗಳಲ್ಲಿ ಅದು ಹೆಂಗಸಿನ ಬಾಯಿ. ಮಗಳಿಗೋ ಸೊಸೆಗೋ ವಹಿಸಿಕೊಡಬೇಕೆಂದರೆ ಒಂದು ಸುಗ್ಗಿಯವರೆಗೆ ಅವಳನ್ನು ಜೊತೆಗೆ ಕರೆದುಕೊಂಡು ಹೋಗಿ, ಇಬ್ಬರೂ ಕೂಡಿಯೇ ಹೇಳಬೇಕು. ಆಮೇಲೆ ಹೊಲ ಅವಳ ಮಾತನ್ನೂ ಕೇಳುತ್ತದೆ. ಆದರೆ ಹಳೆಯ ಬಾಯಿ ಕೊಟ್ಟದ್ದನ್ನು ಹಳೆಯ ಬಾಯಿಯೇ ವಾಪಸು ಕೇಳಬೇಕು. ಹೊಸಬರು ಕೇಳಿದರೆ ಮಣ್ಣು ಕೊಡುವುದಿಲ್ಲ. ಇದರ ಬಗ್ಗೆ ಹಿಂದೆ ಯಾರೂ ತಲೆಕೆಡಿಸಿಕೊಂಡಿರಲಿಲ್ಲ. ಹಾಕಿದ ಗೊಬ್ಬರವನ್ನು ತಿರುಗಿ ಕೇಳುವವರು ಯಾರಿದ್ದಾರೆ?

ಇಂಥ ಊರಲ್ಲಿ ಬಾಳುವುದಕ್ಕೆ ಸ್ವಲ್ಪ ಎಚ್ಚರ ಬೇಕು, ಅಷ್ಟೇ. ನೆಗಡಿಯಾದವರು ಬಿತ್ತನೆಗೆ ಹೋಗುವುದಿಲ್ಲ. ಸಿಟ್ಟಿನಲ್ಲಿದ್ದವರನ್ನು ಹೊಲದ ಕಡೆ ಬಿಡುವುದಿಲ್ಲ. ಒಬ್ಬಳು ಗಂಡನ ಮೇಲಿನ ಕೋಪಕ್ಕೆ ‘ಈತನ ಬದನಿಕಾಯಿ ಯಾರಿಗೆ ಬೇಕಾಗೇತಿ’ ಎಂದು ಬದುವಿನ ಮೇಲೆ ನಿಂತು ಅಂದುಬಿಟ್ಟಿದ್ದಳು; ಮರುದಿನ ಬದನೆಯ ಸಸಿಗಳೆಲ್ಲ ಬೇರು ಮೇಲೆ ಮಾಡಿಕೊಂಡು ಬಿದ್ದಿದ್ದವು. ನಮ್ಮೂರಿನ ಗುಡದಪ್ಪನ ಅಜ್ಜ ಅವರ ಹೊಲಕ್ಕೆ ಬಾಯಿಯಾಗಿದ್ದಾಗ ಕುಡಿದು ಬಂದು ತನ್ನ ಚಪ್ಪಲಿಗಳನ್ನು ಬಂಗಾರ ಎಂದು ಹೇಳಿ ಹೂತಿದ್ದನಂತೆ. ಆ ಚಪ್ಪಲಿ ಇವತ್ತಿಗೂ ಸಿಕ್ಕಿಲ್ಲ.

ನಾನು ತಿರಕ; ನನಗೆ ಹೊಲವಿಲ್ಲ. ಊರಲ್ಲಿ ಹಿಟ್ಟಿನ ಗಿರಣಿ ನಡೆಸುತ್ತೇನೆ. ನನ್ನ ಮಾತು ಯಾವ ಮಣ್ಣಿಗೂ ಕೇಳುವುದಿಲ್ಲ. ಈಗ ಹೇಳುತ್ತಿರುವುದು ನನ್ನ ಅಕ್ಕ ನೀಲಗಂಗವ್ವನ ಹೊಲದ ಸಂಗತಿ. ಅವಳನ್ನು ಇದೇ ಊರಿನ ಅಡಿವೆಪ್ಪನಿಗೆ ಕೊಟ್ಟಿದ್ದರು. ಅಕ್ಕನ ಗಂಡನನ್ನು ನಮ್ಮಲ್ಲಿ ಮಾಮಾ ಎನ್ನುತ್ತೇವೆ. ಹಳ್ಳದ ಕಡೆಗೆ ಇಳಿಜಾರಾದ ಅವರ ಕರಿಮಣ್ಣಿನ ಹೊಲಕ್ಕೆ ಅಕ್ಕನೇ ಬಾಯಿ. ಅವಳ ದನಿ ಗಟ್ಟಿಯಾಗಿತ್ತು. ಅವಳು ಬಿತ್ತನೆಯಲ್ಲಿ ‘ಜ್ವಾಳಾ ಬಂತು, ಹಿಡಕೋ ನಮ್ಮವ್ವಾ’ ಎಂದರೆ ನನ್ನ ಗಿರಣಿಯ ಬಾಗಿಲಿಗೆ ಕೇಳುತ್ತಿತ್ತು.

ಮೆಣಸಿನಕಾಯಿಯ ಕಾಲ ಬಂದಾಗ ಊರಿಗೆ ಒಂದು ವ್ಯಾನು ಬಂತು. ಟೋಪಿ ಹಾಕಿಕೊಂಡ ಒಬ್ಬಾತ ಇಳಿದು, ಹುಳಕ್ಕೆ ಔಷಧಿ ತಂದಿದ್ದೇನೆ ಎಂದು ಡಬ್ಬಗಳನ್ನು ಕಟ್ಟೆಯ ಮೇಲೆ ಸಾಲಾಗಿ ಇಟ್ಟ. ಹೆಂಗಸರು ಡಬ್ಬಗಳನ್ನು ತಿರುಗಿಸಿ ನೋಡಿದರು.

“ಇದರ ಮ್ಯಾಲ ತಲಿಬುರುಡಿ ಯಾಕೈತ್ರೀ?” ಎಂದು ಅಕ್ಕ ಕೇಳಿದಳು.

“ಹುಳಾ ಹೆದರ್ಲಿ ಅಂತ್ರಿ ಅಕ್ಕಾರ.”

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಆಮೇಲೆ ನಮ್ಮೂರಿನವರು ಮಾತ್ರ ಕೇಳುವ ಪ್ರಶ್ನೆಯನ್ನು ಕೇಳಿದಳು. “ಹೊಲಕ್ಕ ಏನಂತ ಹೇಳ್ಬೇಕು?”

“ಔಷಧಿ ಅನ್ರಿ. ಮತ್ತೇನಂತೀರಿ?”

ಹಾಗೆಯೇ ಅಂದರು. ಮಾಮಾ ಬೆನ್ನಿಗೆ ಪಂಪು ಕಟ್ಟಿಕೊಂಡು ಸಾಲಿನಲ್ಲಿ ಬರುತ್ತಿದ್ದ. ಅವನ ಮುಂದೆ ನಾಲ್ಕು ಹೆಜ್ಜೆ ಬಿಟ್ಟು ಅಕ್ಕ ನಡೆಯುತ್ತಿದ್ದಳು. “ಔಷಧಿ ಬರಾಕತ್ತೈತಿ, ಕುಡಿ ನಮ್ಮವ್ವಾ, ಕುಡಿ” ಎಂದು ಹಾಲು ಕುಡಿಯದ ಕೂಸಿಗೆ ಹೇಳುವ ಹಾಗೆ ಹೇಳುತ್ತಿದ್ದಳು. ಮಾಮಾ ಮೂಗಿಗೆ ಟವೆಲ್ಲು ಸುತ್ತಿಕೊಂಡಿದ್ದ. ಅದೂ ಬೆವರಿಗೆ ಜಾರುತ್ತಿತ್ತು. ಅಕ್ಕ ಅದನ್ನೂ ಮಾಡುವ ಹಾಗಿರಲಿಲ್ಲ. ಬಾಯಿಗೆ ಸೆರಗು ಕಟ್ಟಿಕೊಂಡರೆ ಮಾತು ಮುಚ್ಚಿಹೋಗುತ್ತದೆ, ಮಣ್ಣಿಗೆ ತಿಳಿಯುವುದಿಲ್ಲ. ಊರಿನ ಹೆಂಗಸರೆಲ್ಲ ಹಾಗೆ ಬಾಯಿ ತೆರೆದುಕೊಂಡೇ ಸಾಲಿನಿಂದ ಸಾಲಿಗೆ ನಡೆದರು. ಮಣ್ಣು ಕುಡಿಯಿತು. ಔಷಧಿ ಎಂದ ಮೇಲೆ ಬಿಡುತ್ತದೆಯೇ, ಒಂದು ಹನಿಯನ್ನೂ ಹಳ್ಳಕ್ಕೆ ಹರಿಯಗೊಡದೆ ಎಲ್ಲವನ್ನೂ ಜೋಪಾನವಾಗಿ ಇಟ್ಟುಕೊಂಡಿತು.

ಮಾಮಾ ಸತ್ತದ್ದು ಎರಡನೆಯ ಸಲ ಮೆಣಸಿನಕಾಯಿ ಬಿಡಿಸುವುದಕ್ಕೆ ಮುಂಚೆ. ಮಧ್ಯಾಹ್ನ ಔಷಧಿ ಹೊಡೆಯುತ್ತಿದ್ದವನು ಸಾಲಿನಿಂದ ಹೊರಬಂದು ಬಾವಿಯ ಕಟ್ಟೆಯ ಮೇಲೆ ಕುಳಿತ. ಕಣ್ಣಿಗೆ ಕತ್ತಲೆ ಬಂದಂತಾಗುತ್ತಿದೆ ಎಂದ. ಬಾಯಲ್ಲಿ ಜೊಲ್ಲು, ನೊರೆ. ಗಾಡಿ ಕಟ್ಟಿ ಊರು ಮುಟ್ಟುವುದರೊಳಗೆ ಹೋಗಿಬಿಟ್ಟಿದ್ದ. ನಾನು ಗಿರಣಿ ಬಿಟ್ಟು ಓಡಿಹೋದಾಗ ಅಕ್ಕ ಗಾಡಿಯಲ್ಲಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಗಾಳಿ ಹಾಕುತ್ತಲೇ ಇದ್ದಳು. “ಬಿಸಿಲಿನ ಝಳಾ ಬಡೀತು ನೋಡೋ ತಿರಕಾ” ಎಂದಳು. ಆ ವರ್ಷ ಬಿಸಿಲೂ ಹಾಗೆಯೇ ಇತ್ತು. ಎಲ್ಲರೂ ಝಳವೇ ಎಂದರು. ನಾನೂ ಎಂದೆ. ಹೊಲದ ಮೂಡಣ ಮೂಲೆಯಲ್ಲಿ ಗುಣಿ ತೆಗೆದು, ವಿಭೂತಿ ಗಟ್ಟಿ, ಬಿಲ್ವಪತ್ರೆಗಳ ನಡುವೆ ಅವನನ್ನು ಕುಳ್ಳಿರಿಸಿದೆವು. ಅಕ್ಕ ಗುಣಿಯ ಅಂಚಿಗೆ ಬಂದು ನಿಂತು ಹೊಲಕ್ಕೆ ಹೇಳಿದಳು. “ನಮ್ಮವರು. ಝಳಾ ಬಡದು ಹೋದ್ರು. ಇಟ್ಕೋ.”

ಮಣ್ಣು ಇಟ್ಟುಕೊಂಡಿತು.

ಆಮೇಲೂ ಅಕ್ಕ ಕೂಲಿಯವರ ಕೈಲಿ ಪಂಪು ಹೊರಿಸಿ, ಮುಂದೆ ಮುಂದೆ ನಡೆದು ಹೇಳುತ್ತ ಹೋದಳು. ಹೊಲದಲ್ಲಿ ಮೊದಲು ಎರೆಹುಳ ಇಲ್ಲವಾದವು. ಆಮೇಲೆ ನೇಗಿಲ ಹಿಂದೆ ಬರುತ್ತಿದ್ದ ಬೆಳ್ಳಕ್ಕಿ ಬರುವುದನ್ನು ಬಿಟ್ಟವು. ಕೊನೆಗೆ ಒಂದು ವರ್ಷ ಪೇಟೆಗೆ ಹೋದ ಮೆಣಸಿನಕಾಯಿ ಅದೇ ಲಾರಿಯಲ್ಲಿ ತಿರುಗಿ ಬಂತು. ಈ ಊರಿನ ಕಾಯಿಯಲ್ಲಿ ವಿಷವಿದೆ, ಯಾರೂ ಮುಟ್ಟುವುದಿಲ್ಲ ಎಂದರಂತೆ. ಚೀಲಗಳು ಕಟ್ಟೆಯ ಮೇಲೆ ಕೊಳೆತವು. ಅಕ್ಕನ ಮಗಳು ಕಸ್ತೂರಿ ಗಂಡನೊಂದಿಗೆ ತಾಯಿಯ ಮನೆಯಲ್ಲೇ ಇದ್ದಳು. ಒಂದು ಸುಗ್ಗಿ ತಾಯಿಯ ಜೊತೆ ಬೀಜದ ಮಾತನ್ನು ಕೂಡಿ ಹೇಳಿ ಅವಳೂ ಹೊಲಕ್ಕೆ ಬಾಯಿಯಾಗಿದ್ದಳು; ಔಷಧಿಯ ಮಾತನ್ನು ಮಾತ್ರ ಎಂದೂ ಹೇಳಿರಲಿಲ್ಲ. ಅವಳ ಕೂಸು ಹೊಲದ ಬಾವಿಯ ನೀರಿನಲ್ಲಿ ಆಡಿ ಬಂದರೆ ಮೈತುಂಬ ಗುಳ್ಳೆ ಏಳುತ್ತಿದ್ದವು.

ಆಗ ಬಂದವರು ಮೈಬೂಬ ಸಾಹೇಬರು. ಮಣ್ಣಿನ ಆಫೀಸಿನವರು. ನದಿಯಾಚೆಯ ಊರುಗಳಲ್ಲಿ ಇಂಥದೇ ಮಣ್ಣನ್ನು ತಹಬಂದಿಗೆ ತಂದವರು ಎಂದು ಹೆಸರಿತ್ತು. ಮಾತು ಕಡಿಮೆ, ಕೆಲಸ ಬಹಳ. ಮೊದಲು ಹೊಲವನ್ನು ಆಳವಾಗಿ ಹೊರಳಿಸಿ, ನೀರು ಚಿಮುಕಿಸಿ ಬಿಸಿಲಿಗೆ ಬಿಡಿಸಿದರು. ಸೆಗಣಿಯ ರಾಡಿಯನ್ನು ಹದಿನೈದು ದಿನಕ್ಕೊಮ್ಮೆ ಹೊಯ್ಯಿಸಿದರು. ಕಣ್ಣಿಗೆ ಕಾಣದ ಜೀವಗಳು ವಿಷವನ್ನು ತಿಂದು ಅರಗಿಸುತ್ತವೆ, ಅವುಗಳಿಗೆ ಮೊದಲು ಹೊಟ್ಟೆಗೆ ಹಾಕಬೇಕು ಎಂದರು. ಇದ್ದಿಲನ್ನು ಕುಟ್ಟಿ ಬೆರೆಸಿದರು. ಸಾಸಿವೆ ಬಿತ್ತಿಸಿ, ಹೂ ಬಿಡುವ ಹೊತ್ತಿಗೆ ಬೇರುಸಹಿತ ಕಿತ್ತಿಸಿದರು. ಗಿಡ ವಿಷವನ್ನು ಹೀರಿಕೊಂಡಿರುತ್ತದೆ, ದನಕ್ಕೆ ಹಾಕಬೇಡಿ, ಸುಡಲೂ ಬೇಡಿ ಎಂದು ಮನೆಮನೆಗೆ ಹೋಗಿ ಹೇಳಿದರು. ಪ್ರತಿ ಸಲವೂ ಮಣ್ಣನ್ನು ಚೀಲದಲ್ಲಿ ಕಟ್ಟಿ ಆಫೀಸಿಗೆ ಒಯ್ಯುತ್ತಿದ್ದರು. ಪ್ರತಿ ಸಲವೂ ಮುಖ ಸಣ್ಣ ಮಾಡಿಕೊಂಡು ಬರುತ್ತಿದ್ದರು. ನದಿಯಾಚೆ ಅರ್ಧಕ್ಕೆ ಇಳಿದಿದ್ದ ವಿಷ ನಮ್ಮಲ್ಲಿ ಕೂದಲೆಳೆಯಷ್ಟೂ ಇಳಿದಿರಲಿಲ್ಲ.

“ಬಿಡವಲ್ದು ನೋಡ್ರಿ,” ಎಂದು ನನ್ನ ಗಿರಣಿಯ ಮೆಟ್ಟಿಲ ಮೇಲೆ ಕುಳಿತು ಒಂದು ದಿನ ಹೇಳಿದರು. “ಗಿಡಕ್ಕೂ ಕೊಡವಲ್ದು, ಜೀವಕ್ಕೂ ಕೊಡವಲ್ದು. ಎದಿಗೆ ಅವಚಿಕೊಂಡು ಕುಂತೈತಿ.”

ಅದನ್ನು ಬಿಡಿಸಿದವಳು ಗುಡದಪ್ಪನ ತಾಯಿ ಶಂಕ್ರವ್ವ. ಅದೂ ಬೇಕೆಂದು ಮಾಡಿದ್ದಲ್ಲ. ಅವಳ ಕೋಳಿಗಳು ಹೊಲದಲ್ಲಿ ಕೆದರಿ ಬಂದು ಒಂದೊಂದಾಗಿ ಸತ್ತವು. ಮುದುಕಿ ಸತ್ತ ಕೋಳಿಯ ಕಾಲು ಹಿಡಿದುಕೊಂಡು ಹೊಲಕ್ಕೆ ಹೋಗಿ, “ಎಂಥಾ ಔಷಧಿ ಇದು? ವಿಷ! ನಾ ಹೇಳಿದ್ದು ಸುಳ್ಳ! ವಿಷ ಐತಿ, ಹೊರಗ ಹಾಕು ಇದನ್ನ!” ಎಂದು ಬೊಬ್ಬೆ ಹೊಡೆದಳು. ಮರುದಿನ ಅವರ ಹೊಲದ ಮೇಲೆ ಬೆಳ್ಳಗೆ ಹೊಪ್ಪಳಿಕೆ ಎದ್ದಿತ್ತು. ಗುಡದಪ್ಪ ಉಪ್ಪೇ ಇರಬೇಕು ಎಂದು ನೆಕ್ಕಲು ಹೋದನಂತೆ. ಸಾಹೇಬರು ಓಡಿ ಬಂದು ಕೈ ಹಿಡಿದರು.

ಮೂಗು ಬಾಯಿ ಕಟ್ಟಿಕೊಂಡು, ಕೈಗೆ ಚೀಲ ಸುತ್ತಿಕೊಂಡು, ಪೊರಕೆಯಿಂದ ಆ ಬಿಳಿಯನ್ನು ಗುಡಿಸಿ ತುಂಬಿದೆವು. ಹಳ್ಳಕ್ಕೆ ಚೆಲ್ಲಿ ಬರುತ್ತೇನೆ ಎಂದು ಗುಡದಪ್ಪ ಗಾಡಿ ತಿರುಗಿಸಿದ.

“ಚೆಲ್ಲು,” ಎಂದರು ಸಾಹೇಬರು. “ಹಳ್ಳ ಯಾರ ಬಾಯಿ ಕೇಳ್ತೈತಿ? ನಾಳೆ ಅದಕ್ಕ ಯಾರು ಹೇಳಾಂವ್ರು?”

ಗುಡದಪ್ಪ ಗಾಡಿಯನ್ನು ಹಿಂದಕ್ಕೆ ತಿರುಗಿಸಿದ. ಊರ ಹೊರಗೆ ಕೆಲಸ ನಿಂತ ಕಲ್ಲಿನ ಖಣಿಯೊಂದಿದೆ. ತಳವೆಲ್ಲ ಬಂಡೆ, ಒಂದು ಹಿಡಿ ಮಣ್ಣಿಲ್ಲ. ಅಲ್ಲಿ ಯಾರ ಮಾತನ್ನೂ ಕೇಳುವುದು ಏನೂ ಇಲ್ಲ. ಅದರೊಳಗೆ ಇದ್ದಿಲು ಹಾಸಿ, ಅದರ ಮೇಲೆ ಹುಲ್ಲು, ಸೆಗಣಿ, ಗುಡಿಸಿ ತಂದ ಬಿಳಿ, ಮತ್ತೆ ಹುಲ್ಲು, ಹೀಗೆ ಪದರ ಪದರವಾಗಿ ತುಂಬಿಸಿದರು. ತೇವ ಆರಲು ಬಿಡಬಾರದು, ವಾರಕ್ಕೊಮ್ಮೆ ಹೊರಳಿಸಬೇಕು, ಮಳೆಗೆ ತಗಡು ಮುಚ್ಚಬೇಕು. ಇಲ್ಲಿ ಅವಚಿಕೊಂಡು ಕೂಡುವುದು ಏನೂ ಇಲ್ಲವಾದ್ದರಿಂದ ಆ ಸಣ್ಣ ಜೀವಗಳು ವಿಷವನ್ನು ತಿನ್ನತೊಡಗಿದವು. ಮೊದಲ ಸಲ ಸಾಹೇಬರು ನಗುತ್ತ ಆಫೀಸಿನಿಂದ ಬಂದರು.

ಆದರೆ ಶಂಕ್ರವ್ವನ ಹೊಲದಲ್ಲಿ ಆ ದಿನ ಬಿಳಿ ಒಂದೇ ಮೇಲೆ ಬಂದಿರಲಿಲ್ಲ. ಔಷಧಿ ಬಿದ್ದ ಹುಲ್ಲು ಮೇಯ್ದು ಸತ್ತ ಅವರ ಕರುವನ್ನು ಹಿಂದೊಮ್ಮೆ ಬೇವಿನ ಬುಡದಲ್ಲಿ ಹೂತಿದ್ದರು. ಅದರ ಎಲುಬೂ ಮೇಲೆ ಬಂದು ಬಿದ್ದಿದ್ದವು. ಅದೇ ಬುಡದಲ್ಲಿ ಮುಪ್ಪಾಗಿ ಸತ್ತ ಎತ್ತನ್ನೂ ಹೂತಿದ್ದರು, ಅದು ಬಂದಿರಲಿಲ್ಲ. ಗುಡಿಸಲು ಬಂದವರೆಲ್ಲ ಅದನ್ನು ನೋಡಿದರು. ನನ್ನ ಪಕ್ಕದಲ್ಲಿ ನಿಂತ ಅಕ್ಕನೂ ನೋಡಿದಳು. ಪೊರಕೆಯನ್ನು ಅಲ್ಲೇ ಬಿಟ್ಟು ಮನೆಗೆ ಹೋದಳು.

ಆಮೇಲೆ ಊರಿನಲ್ಲಿ ಹೇಳುವ ಕೆಲಸ ಶುರುವಾಯಿತು. ನಡೆಯಲಾರದ ಮುದುಕಿಯರನ್ನು ಹೊರಸಿನ ಮೇಲೆ ಹೊತ್ತು ಹೊಲಕ್ಕೆ ಒಯ್ದರು. ಹಲ್ಲಿಲ್ಲದೆ ಮಾತು ತೊದಲುವವರಿಗೆ ಮೊಮ್ಮಕ್ಕಳು ‘ವಿ’ ಹೇಳು, ‘ಷ’ ಹೇಳು ಎಂದು ಕಲಿಸಿದರು. ಹೇಳಿದವರು ಸತ್ತುಹೋದ ಹೊಲಗಳಿಗೆ ಬಾಯಿ ಹೋದ ಹೊಲ ಎಂದು ಹೆಸರು ಬಿತ್ತು. ಅವುಗಳ ಸುತ್ತ ಕಲ್ಲು ನೆಟ್ಟು ಬಿಟ್ಟುಬಿಟ್ಟರು. ಅಕ್ಕ ಮಾತ್ರ ಹೇಳಲಿಲ್ಲ. ಮೊದಲು ಮಳೆ ಮುಗಿಯಲಿ ಎಂದಳು. ಆಮೇಲೆ ಶೀತ ಕಡಿಮೆಯಾಗಲಿ ಎಂದಳು. ಗಂಟಲು ಕಟ್ಟಿದ್ದು ನಿಜವೇ ಆಗಿತ್ತು. ಬಹಳ ದಿನದಿಂದ ಅವಳ ದನಿ ಒಡೆದಿತ್ತು. ಕಸ್ತೂರಿ ಹಟ ಹಿಡಿದು ದವಾಖಾನೆಗೆ ಕರೆದುಕೊಂಡು ಹೋದಳು. ಗಂಟಲಲ್ಲಿ ಗಡ್ಡೆ ಬೆಳೆದಿದೆ, ಕೊಯ್ದು ತೆಗೆಯಬೇಕು, ಜೀವ ಉಳಿಯುತ್ತದೆ, ಆದರೆ ದನಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದರು. ಅಮಾವಾಸ್ಯೆ ಕಳೆದ ಮೇಲೆ ಬರಲು ಹೇಳಿ ಕಳಿಸಿದರು.

“ಯವ್ವಾ, ಇನ್ನರ ಹೇಳು,” ಎಂದು ಕಸ್ತೂರಿ ಅಂದೇ ಶುರುಮಾಡಿದಳು. “ನಿನ್ನ ದನಿ ಹೋತಂದ್ರ ಹೊಲಾನೂ ಹೋತು. ನಾಳೆ ನನ್ನ ಮಗಳಿಗೆ ಕಲ್ಲು ನೆಟ್ಟ ಹೊಲಾ ತೋರಸ್ಲೇನು?”

“ಹೇಳ್ತೇನಿ ಬಿಡು.”

“ಯಾವಾಗ? ಒಂದ್ ಮಾತು, ಯವ್ವಾ. ಎರಡು ಅಕ್ಷರ. ಅಷ್ಟಕ್ಕ ಯಾಕಿಷ್ಟು ಸತಾಯಿಸ್ತಿ?”

ಅಕ್ಕ ಕೂಸಿನ ಗುಳ್ಳೆಗಳಿಗೆ ಎಣ್ಣೆ ಸವರುತ್ತ ಕುಳಿತಳು.

ಮರುದಿನ ಸಂಜೆ ಅವಳು ಹೊಲಕ್ಕೆ ಹೋದಳೆಂದು ಕೇಳಿ ನನಗೂ ಸಮಾಧಾನವಾಯಿತು. ಬೆಳಗ್ಗೆ ನಾವೆಲ್ಲ ಪೊರಕೆ ಹಿಡಿದು ಹೋದರೆ ಹೊಲ ಕರ್ರಗೆ ಹೇಗಿತ್ತೋ ಹಾಗೆಯೇ ಇತ್ತು. ಏನಂತ ಹೇಳಿದಿರಿ ಎಂದು ಸಾಹೇಬರು ಕೇಳಿದರು. “ಹಳೇದಾತು, ಕೊಟ್ಟ ಔಷಧಿ ಇನ್ನ ತಿರುಗಿ ಕೊಡು ಅಂದ್ನಿರಿ,” ಎಂದಳು.

“ಔಷಧಿ ಅಂದ್ರ ಅದು ಯಾಕ ಕೊಡ್ತೈತ್ರಿ ಅಕ್ಕಾರ? ಅದರ ಹೆಸರು ಹಿಡದು ಹೇಳ್ಬೇಕು.”

ಪಕ್ಕದ ಹೊಲದ ಕಲ್ಲವ್ವ ಬದುವಿನಾಚೆಯಿಂದ ನಕ್ಕಳು. “ಏನ ನೀಲಗಂಗವ್ವಾ, ಹೊಲಕ್ಕ ಲಾಲಿ ಹಾಡಿ ಬಂದಿಯೇನು?”

“ನೀ ಹೇಳಿಯೇನು ಮತ್ತ?” ಎಂದಳು ಅಕ್ಕ.

“ನಾನಾ? ಒಳ್ಳೆ ದಿನಾ ನೋಡಾಕತ್ತೇನಿ,” ಎಂದು ಕಲ್ಲವ್ವ ತಟ್ಟನೆ ಬಗ್ಗಿ ಕಳೆ ಕೀಳತೊಡಗಿದಳು.

ಆ ವಾರ ಅಕ್ಕ ಜೋಳ ಬೀಸಿಸಲು ಗಿರಣಿಗೆ ಬಂದಿದ್ದಳು. ಅರ್ಧ ಬೀಸುವಷ್ಟರಲ್ಲಿ ಕರೆಂಟು ಹೋಯಿತು. ಗಿರಣಿಯ ಸದ್ದು ನಿಂತರೆ ಕಿವಿಗೆ ಏನೋ ಬಿದ್ದುಹೋದಂತಾಗುತ್ತದೆ. ಆ ನಿಶ್ಶಬ್ದದಲ್ಲಿ ಅವಳು ತಾನಾಗಿಯೇ ಮಾತಿಗೆ ತೊಡಗಿದಳು.

“ತಿರಕಾ, ಝಳಾ ಬಡದು ಸತ್ತಾವ್ರು ಮ್ಯಾಲ ಬರ್ತಾರೇನೋ?”

ನನಗೆ ತಕ್ಷಣ ತಿಳಿಯಿತು. ಕರುವಿನ ಎಲುಬು ಕಣ್ಣ ಮುಂದೆ ಬಂತು.

“ಝಳಾ ಬಡದಾವ್ರು ಯಾಕ ಬರ್ತಾರಕ್ಕಾ,” ಎಂದೆ.

“ಹೌದಲ್ಲ? ಬರೂದಿಲ್ಲ. ಝಳಾ ಆಗಿದ್ರ ಅವರು ಅಲ್ಲೇ ಇರ್ತಾರ.” ಹಿಟ್ಟಿನ ಡಬ್ಬದ ಮುಚ್ಚಳ ಹಾಕಿ ತೆಗೆದಳು. “ಬಂದ್ರ?”

ನಾನು ಕಲ್ಲಿನ ಮೇಲಿನ ಹಿಟ್ಟು ಬಳಿಯುತ್ತ ನಿಂತೆ.

“ಅವತ್ತ ಮುಂಜಾನೆ ತಲಿ ನೋಯಾಕತ್ತೈತಿ ಅಂದ್ರು. ಇವತ್ತ ಬ್ಯಾಡ, ನಾಳಿ ಹೊಡದ್ರಾತು ಅಂದ್ರು. ನಾನ ಪಂಪು ಎತ್ತಿ ಬೆನ್ನಿಗಿ ಇಟ್ನಿ. ಔಷಧಿಗೇನು ಹೆದರ್ತೀರಿ ಅಂದ್ನಿ. ಮುಂದ ನಡದ್ನಿ. ಹಿಂದ ತಿರುಗಿ ನೋಡ್ಲಿಲ್ಲ ನಾನು. ಹೇಳಾಂವ್ರು ಹಿಂದ ನೋಡಬಾರದಲ್ಲ, ಮಾತು ತಪ್ತೈತಿ.”

“ಹಂಗಾರ ಮೊದಲು ಮಾಮಾನ್ನ ತೆಗದು ಬ್ಯಾರೆ ಕಡೆ ಇಡೋಣೇನಕ್ಕಾ? ಆಮ್ಯಾಲ ಹೇಳು. ಬರ್ತಾರೋ ಇಲ್ಲೋ ಅನ್ನೂದ ಇರೂದಿಲ್ಲ.”

“ಎಲ್ಲಿಡ್ತಿ?” ಎಂದಳು. “ಬ್ಯಾರೆ ಮಣ್ಣಿಗೆ ಏನಂತ ಹೇಳಿ ಇಡ್ತಿ? ಝಳಾ ಅನ್ಲೋ? ನನಗ ಗೊತ್ತಿಲ್ಲದ್ದನ್ನ ಇನ್ನೊಂದು ಮಣ್ಣಿಗೆ ಹ್ಯಾಂಗ ಹೇಳ್ಲೋ ತಮ್ಮಾ?”

ಕರೆಂಟು ಬಂತು. ಗಿರಣಿ ತಾನೇ ತಿರುಗತೊಡಗಿತು. ಉಳಿದ ಜೋಳ ಬೀಸಿ ಮುಗಿದ ಮೇಲೆ ಅವಳು ಹಿಟ್ಟಿನ ಡಬ್ಬ ಹೊತ್ತುಕೊಂಡು ಹೋದಳು.

ಕಸ್ತೂರಿಗೆ ಇದಾವುದೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದಲೇ ಅವಳು ಆ ಕೆಲಸಕ್ಕೆ ಇಳಿದಳು. ತಾಯಿ ಹೇಳದಿದ್ದರೆ ತಾನೇ ಹೇಳುತ್ತೇನೆ, ಕೇಳುವವರೆಗೂ ಹೇಳುತ್ತೇನೆ ಎಂದು ಸಂಜೆ ಹೊಲಕ್ಕೆ ಹೋಗಿ ಬದುವಿನಿಂದ ಬದುವಿಗೆ ನಡೆಯುತ್ತ ಕೂಗತೊಡಗಿದಳು. “ವಿಷ ಐತಿ, ಹೊರಗ ಹಾಕು. ವಿಷ. ವಿಷ.” ಅವಳು ಕೊಡದಿದ್ದುದನ್ನು ಮಣ್ಣು ಅವಳಿಗೆ ಯಾಕೆ ಕೊಟ್ಟೀತು? ಬೆಳಗ್ಗೆ ಹೋದರೆ ಏನೂ ಇಲ್ಲ. ಮತ್ತೆ ಸಂಜೆ ಕೂಗುವಳು. ಊರವರು ಮೊದಮೊದಲು ನಗುತ್ತಿದ್ದರು. ಗುಡದಪ್ಪ, “ತಂಗಿ, ಹೊಲಕ್ಕ ಕೇಳದಿದ್ರೂ ನಿನ್ನ ಗಂಡಗ ಕೇಳೀತು, ಊಟಾ ಬಿಟ್ಟಾನು” ಎಂದ. ಆಮೇಲೆ ಯಾರೂ ನಗಲಿಲ್ಲ. ತಂದೆಯನ್ನು ಹೂತ ಗದ್ದುಗೆಯ ಪಕ್ಕದಲ್ಲೂ ನಿಂತು ಅವಳು ಅದೇ ಮಾತನ್ನು ಕೂಗುತ್ತಿದ್ದಳು. ಅಕ್ಕ ಮನೆಯ ಕಟ್ಟೆಯ ಮೇಲೆ ಕುಳಿತು ಕೇಳಿಸಿಕೊಳ್ಳುತ್ತಿದ್ದಳು.

ದಿನ ಕಳೆದಂತೆ ಕಸ್ತೂರಿಯ ದನಿ ಒಡೆಯಿತು. ಒಂದು ಸಂಜೆ ನಾನು ಅಕ್ಕನ ಜೊತೆಗೆ ಕಟ್ಟೆಯ ಮೇಲೆ ಕುಳಿತಿದ್ದೆ. ಹೊಲದ ಕಡೆಯಿಂದ ಬರುತ್ತಿದ್ದ ಆ ಗೊಗ್ಗರು ದನಿ ಕಸ್ತೂರಿಯದಲ್ಲ, ಅಕ್ಕನದೇ ಎಂಬಂತೆ ಕೇಳಿತು. ಅಕ್ಕನಿಗೂ ಹಾಗೆಯೇ ಕೇಳಿಸಿರಬೇಕು. ಒಮ್ಮೆಲೇ ಎದ್ದಳು.

“ಅಕಿ ಗಂಟಲಾನೂ ಹೋಗ್ತೈತಿ,” ಎಂದಳು. “ಬಾ, ನಡಿ.”

ನಾವು ಹೋದಾಗ ಕಸ್ತೂರಿ ಬಾವಿಯ ಹತ್ತಿರ ಕೆಮ್ಮುತ್ತ ನಿಂತಿದ್ದಳು. ಅಕ್ಕ ಅವಳ ಬಾಯಿಯ ಮೇಲೆ ತನ್ನ ಅಂಗೈ ಇಟ್ಟಳು.

“ಸಾಕು. ನಾ ಹೇಳ್ತೇನಿ. ನಾಳೆ ಮುಂಜಾನೆ ನಿಮ್ಮಪ್ಪ ಬಂದ್ರ ಹೆದರಬ್ಯಾಡ.”

ಕಸ್ತೂರಿ ನನ್ನ ಮುಖ ನೋಡಿದಳು. ಆಮೇಲೆ ಮೂಡಣ ಮೂಲೆಯನ್ನು ನೋಡಿದಳು. ಅವಳಿಗೆ ಅರ್ಥವಾದದ್ದು ನನಗೆ ಕಾಣಿಸಿತು. “ಯವ್ವಾ, ಬ್ಯಾಡ,” ಎಂದು ಸೆರಗು ಹಿಡಿದಳು. ಈವರೆಗೆ ಹೇಳು ಹೇಳು ಎಂದವಳು ಈಗ ಬೇಡ ಬೇಡ ಎಂದು ಅಳತೊಡಗಿದಳು. ಅಕ್ಕ ಸೆರಗು ಬಿಡಿಸಿಕೊಂಡು ಹೊಲದ ನಡುವಿಗೆ ನಡೆದಳು.

ಅವಳು ಕೂಗಲಿಲ್ಲ; ಕೂಗುವ ದನಿ ಇರಲೂ ಇಲ್ಲ. ಎದುರಿಗೆ ಕುಳಿತವರಿಗೆ ಹೇಳುವಂತೆ ಹೇಳಿದಳು. “ನಮ್ಮವ್ವಾ, ನಾ ನಿನಗ ಔಷಧಿ ಅಂತ ಕುಡಿಸಿದ್ದು ವಿಷ. ವಿಷ ಅದು. ವಿಷ ಮುಟ್ಟಿದ್ದು ಏನೈತಿ ಎಲ್ಲಾ ಹೊರಗ ಹಾಕು. ಏನೂ ಇಟ್ಕೋಬ್ಯಾಡ.” ಕೊನೆಯ ಮಾತಿಗೆ ಅವಳ ದನಿ ನಿಂತುಹೋಯಿತು. ತುಟಿ ಮಾತ್ರ ಅಲುಗಿತು.

ಬೆಳಗಿನ ಜಾವಕ್ಕೆ ಹೋದೆವು. ದೂರದಿಂದಲೇ ಕಾಣುತ್ತಿತ್ತು. ನನ್ನ ಗಿರಣಿಯ ನೆಲದ ಮೇಲೆ ಹಿಟ್ಟು ಕೂತಿರುತ್ತದಲ್ಲ, ಹಾಗೆ ಹೊಲದ ಈ ತುದಿಯಿಂದ ಆ ತುದಿಗೆ ಬೆಳ್ಳಗೆ ಕೂತಿತ್ತು. ಅಕ್ಕ ಅದನ್ನು ನೋಡಲಿಲ್ಲ. ಬದುವಿನ ಮೇಲೆಯೇ ಮೂಡಣ ಮೂಲೆಗೆ ನಡೆದಳು. ಗದ್ದುಗೆಯ ಮೇಲೆ ಇಟ್ಟಿದ್ದ ಕಲ್ಲು ಒಂದು ಕಡೆಗೆ ವಾಲಿತ್ತು. ಅದರ ಪಕ್ಕದಲ್ಲಿ ಮಾಮಾ ಬಂದು ಬಿದ್ದಿದ್ದ. ಕಂದುಬಣ್ಣದ ಎಲುಬುಗಳು, ಯಾರೋ ಜೋಪಾನವಾಗಿ ಕೂಡಿಸಿ ಇಟ್ಟಂತೆ ಒಂದೇ ಕಡೆ ಇದ್ದವು. ಅವನ ಜೊತೆಗೆ ಇಟ್ಟಿದ್ದ ವಿಭೂತಿ ಗಟ್ಟಿಗಳನ್ನು ಮಣ್ಣು ಕೊಟ್ಟಿರಲಿಲ್ಲ. ಅವನನ್ನಷ್ಟೇ ಕೊಟ್ಟಿತ್ತು.

ಅಕ್ಕ ಕುಕ್ಕರಗಾಲಲ್ಲಿ ಕುಳಿತಳು. ಮುಟ್ಟಲಿಲ್ಲ. “ಝಳಾ ಅಲ್ಲ,” ಎಂದಳು. ಅಷ್ಟು ಸಣ್ಣ ದನಿಯಲ್ಲಿ ಅಂದಳೆಂದರೆ ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳಿತು.

ಗುಡಿಸಲು ಬಂದವರು ದೂರದಲ್ಲೇ ನಿಂತರು. ಯಾರೂ ಹತ್ತಿರ ಬರಲಿಲ್ಲ. ಕಲ್ಲವ್ವ ಬದುವಿನಾಚೆಯಿಂದ ನೋಡಿದವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಮನೆಗೆ ಓಡಿಹೋದಳು. ಸಾಹೇಬರು ಚಪ್ಪಲಿ ಬಿಚ್ಚಿಟ್ಟು ಬಂದು ಅಕ್ಕನ ಎದುರು ನಿಂತರು. ಟೋಪಿಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ಸಾಹೇಬ್ರ, ಇವರನ್ನ ಯಾವ ಮಣ್ಣ ಇಟ್ಕೋತೈತ್ರಿ ಈಗ?” ಎಂದು ಅಕ್ಕ ಕೇಳಿದಳು.

ಅವರು ತಲೆಯಾಡಿಸಿದರು. ಇಲ್ಲ ಎಂದೋ ಗೊತ್ತಿಲ್ಲ ಎಂದೋ.

“ಖಣಿಯಾಗ ಇಡ್ರಿ. ಇದ್ದಲಿ ಹಾಕಿ, ಸಗಣಿ ಹಾಕಿ. ಹ್ಯಾಂಗ ಮಾಡ್ತೀರೋ ಹಂಗ.”

“ಅಕ್ಕಾರ, ಅದು ಮಣ್ಣಿಗೆ ಮಾಡೂ ಕೆಲಸರಿ.”

“ಇವರೂ ಮಣ್ಣ ಆಗ್ಬೇಕಿತ್ತಲ್ರಿ,” ಎಂದಳು ಅಕ್ಕ.

ಹಾಗೆಯೇ ಆಯಿತು. ಅಕ್ಕ ತನ್ನ ಕೌದಿಯಲ್ಲಿ ಎಲುಬುಗಳನ್ನು ಕಟ್ಟಿಕೊಂಡಳು. ಬೇರೆಯವರು ಮುಟ್ಟಲು ಬಿಡಲಿಲ್ಲ. ಸಾಹೇಬರು ಅವಳ ಕೈಗಳಿಗೆ ಚೀಲ ಸುತ್ತಿ ಕಟ್ಟಿದರು, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಲು ಹೇಳಿದರು. ಅವಳು ಕಟ್ಟಿಕೊಂಡಳು. ಅವಳು ಬಾಯಿಗೆ ಬಟ್ಟೆ ಕಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಖಣಿಯ ಒಂದು ಮೂಲೆಯಲ್ಲಿ ಇದ್ದಿಲು ಹಾಸಿ, ಹುಲ್ಲು ಹಾಸಿ, ಮಾಮಾನನ್ನು ಇಟ್ಟು, ಮೇಲೆ ಸೆಗಣಿಯ ರಾಡಿ ಹೊಯ್ದು, ಹೊಲದಿಂದ ಗುಡಿಸಿ ತಂದ ಬಿಳಿಯನ್ನು ಪಕ್ಕದಲ್ಲೇ ಪದರ ಹಾಕಿದೆವು. ಕಸ್ತೂರಿ ಕೊಡದಿಂದ ನೀರು ಚಿಮುಕಿಸಿದಳು.

“ಎಷ್ಟ ದಿನಾ ಬೇಕ್ರಿ?” ಎಂದು ಅಕ್ಕ ಕೇಳಿದಳು.

“ವರ್ಷ ಆಗಬಹುದು. ಎರಡೂ ಆಗಬಹುದು. ಎಲುಬಿಗೆ ಎಷ್ಟಂತ ನನಗ ಗೊತ್ತಿಲ್ರಿ,” ಎಂದರು ಸಾಹೇಬರು.

ಆ ಪ್ರಶ್ನೆ ನಾನು ಅಕ್ಕನ ಬಾಯಿಂದ ಕೇಳಿದ ಕೊನೆಯ ಮಾತುಗಳಲ್ಲಿ ಒಂದು. ಅಮಾವಾಸ್ಯೆ ಕಳೆದ ಮೇಲೆ ಆಪರೇಷನ್ ಆಯಿತು. ಜೀವ ಉಳಿಯಿತು. ಗಂಟಲಲ್ಲಿ ಈಗ ಒಂದು ಸಣ್ಣ ತೂತಿದೆ, ಅದರ ಮೇಲೆ ಬಿಳಿ ಬಟ್ಟೆ ಕಟ್ಟಿಕೊಳ್ಳುತ್ತಾಳೆ. ಹೊಲಕ್ಕೆ ಕಸ್ತೂರಿ ಹೇಳುತ್ತಾಳೆ. ಮೊದಲ ವರ್ಷ ಸಾಸಿವೆ ಬಿತ್ತಿ ಕಿತ್ತರು. ಮಣ್ಣು ಉಳಿದದ್ದನ್ನು ಗಿಡಕ್ಕೆ ಬಿಟ್ಟುಕೊಟ್ಟಿತು. ಬಾವಿಯ ನೀರನ್ನು ಇನ್ನೂ ಕುಡಿಯುವುದಿಲ್ಲ.

ವಾರಕ್ಕೊಮ್ಮೆ ಖಣಿಯಲ್ಲಿ ರಾಶಿ ಹೊರಳಿಸುವ ದಿನ ಅಕ್ಕ ತಪ್ಪದೆ ಹೋಗುತ್ತಾಳೆ. ಬೇರೆ ಮೂಲೆಗಳನ್ನು ಆಳುಗಳು ಸಲಿಕೆಯಿಂದ ಹೊರಳಿಸುತ್ತಾರೆ. ಮಾಮಾನ ಮೂಲೆಯನ್ನು ಅವಳು ಕೈಯಿಂದಲೇ ಹೊರಳಿಸುತ್ತಾಳೆ. ಸಾಹೇಬರು ಪ್ರತಿ ಸಲ ಆ ಮೂಲೆಯದನ್ನೂ ಒಂದು ಚೀಲದಲ್ಲಿ ಕಟ್ಟಿ ಒಯ್ದು, ಬಂದು ಇನ್ನೂ ಇದೆ ಎಂದು ಹೇಳುತ್ತಾರೆ. ಅವಳು ತಲೆಯಾಡಿಸಿ ಹುಲ್ಲು ಹಾಸುತ್ತಾಳೆ.

ಅಕ್ಕನ ಹೊಲದ ಸುದ್ದಿ ಹರಡಿದ ಮೇಲೆ ಉಳಿದವರೂ ಹೇಳಿದರು. ಒಳ್ಳೆಯ ದಿನ ನೋಡುತ್ತಿದ್ದವರು, ಶೀತ ಎನ್ನುತ್ತಿದ್ದವರು, ಬೇರೆ ಊರಿಗೆ ಹೋಗಿ ಬರುತ್ತೇನೆ ಎನ್ನುತ್ತಿದ್ದವರು, ಒಬ್ಬೊಬ್ಬರಾಗಿ ಸಂಜೆ ಬದುವಿನ ಮೇಲೆ ಕಾಣಿಸಿಕೊಂಡರು. ಎದೆನೋವಿನಿಂದ ಹೋದರು ಎನ್ನಿಸಿಕೊಂಡಿದ್ದ ಸತ್ತವರು ಮಣ್ಣಿನಿಂದ ಮೇಲೆ ಬಂದರು, ವಾಂತಿಭೇದಿ ಎಂದವರು ಬಂದರು, ಗಾಳಿ ಬಡಿದದ್ದು ಎಂದವರೂ ಬಂದರು. ನಿಜವಾಗಿಯೂ ಝಳ ಬಡಿದು ಸತ್ತವರು ನಮ್ಮೂರಿನಲ್ಲಿ ಬಹಳ ಜನ ಇರಲಿಲ್ಲ. ಖಣಿಯಲ್ಲಿ ಮೂಲೆಗಳು ಮುಗಿದು, ಗೋಡೆಗುಂಟ ಸಾಲಾಗಿ ಇಡುವುದಾಯಿತು. ಹೇಗೆ ಇಡಬೇಕೆಂದು ತೋರಿಸಲು ಅಕ್ಕನನ್ನೇ ಕರೆಯುತ್ತಾರೆ. ಅವಳು ಮಾತಿಲ್ಲದೆ ಕೈಸನ್ನೆಯಲ್ಲಿ ತೋರಿಸುತ್ತಾಳೆ: ಮೊದಲು ಇದ್ದಿಲು, ಆಮೇಲೆ ಹುಲ್ಲು.

ಮೊನ್ನೆ ಬುಧವಾರ ಕಲ್ಲವ್ವ ಖಣಿಗೆ ಬಂದಳು. ಕೈಯಲ್ಲಿ ಸಣ್ಣ ಗಂಟು. ಅವಳ ಮಗ ಹನ್ನೆರಡು ವರ್ಷದವನು, ಹೊಲದಲ್ಲಿ ಹಾವು ಕಡಿದು ಸತ್ತನೆಂದು ಎಲ್ಲರೂ ತಿಳಿದಿದ್ದೆವು. ಅವನು ಪಂಪಿಗೆ ನೀರು ತುಂಬಿ ಕೊಡುತ್ತಿದ್ದ. ಕಲ್ಲವ್ವ ಗೋಡೆಗುಂಟ ಇದ್ದ ಸಾಲನ್ನು ನೋಡಿದಳು, ಕೊನೆಯಲ್ಲಿ ಉಳಿದಿದ್ದ ಖಾಲಿ ಜಾಗ ನೋಡಿದಳು. ಅಲ್ಲಿಗೆ ಹೋಗಲಿಲ್ಲ. ಅಕ್ಕನ ಹತ್ತಿರ ಬಂದು ನಿಂತಳು.

“ನೀಲಗಂಗವ್ವಾ, ಅಡಿವೆಪ್ಪಣ್ಣನ ಬಾಜೂಕ ಒಂದೀಟು ಜಾಗಾ ಮಾಡಿ ಕೊಡ್ತಿಯೇನು? ಒಬ್ಬನ ಮಲಗಾಕ ಹೆದರ್ತಿದ್ದ ನನ್ನ ಹುಡುಗ.”

ಅಕ್ಕ ಬಗ್ಗಿ, ಎರಡೂ ಕೈಗಳಿಂದ ಮಾಮಾನ ಮೇಲಿನ ಹುಲ್ಲನ್ನು ಸರಿಸಿ, ಅವನನ್ನು ಮೆಲ್ಲಗೆ ಗೋಡೆಯ ಕಡೆಗೆ ಒತ್ತಿದಳು.